ಕೇಳಿದರೆ ಉತ್ತರಿಸುವ ಮೈ

1972ರ ಹಾಂಗ್‌ಕಾಂಗ್. ಎಪ್ಪತ್ತೊಂಬತ್ತರ ಒಬ್ಬ ವೃದ್ಧರು ಕ್ಯಾಮೆರಾದ ಮುಂದೆ ನಿಂತಿದ್ದಾರೆ. ಮೊಣಕಾಲು ತುಸು ಒಳಕ್ಕೆ, ಬೆನ್ನು ನೆಟ್ಟಗೆ, ಎರಡೂ ಮುಷ್ಟಿ ಎದೆಯ ಪಕ್ಕಕ್ಕೆ. ಗಂಟಲಿನ ಕ್ಯಾನ್ಸರ್ ಮೈಯನ್ನು ಸೊರಗಿಸಿಬಿಟ್ಟಿದೆ. ಒಂದು ಕೈ ಎದೆಯ ಮಧ್ಯದಿಂದ ಹೊರಟು ಬಹಳ ನಿಧಾನವಾಗಿ ಮುಂದಕ್ಕೆ ಹೋಗುತ್ತದೆ, ಅಷ್ಟೇ ನಿಧಾನವಾಗಿ ಹಿಂದಕ್ಕೆ ಬರುತ್ತದೆ. ಅವರು ಇಪ್ ಮ್ಯಾನ್. ಚೀನಾದ ಫೋಶಾನ್ ಊರಿನಿಂದ ಹಾಂಗ್‌ಕಾಂಗ್‌ಗೆ ಬಂದು ವಿಂಗ್ ಚುನ್ ಎಂಬ ಕುಂಗ್ ಫು ಪದ್ಧತಿಯನ್ನು ಕಲಿಸಿದವರು, ಬ್ರೂಸ್ ಲೀಯ ಗುರುಗಳು. ಚಿತ್ರ ತೆಗೆದ ಸ್ವಲ್ಪ ದಿನಕ್ಕೇ, ಆ ವರ್ಷದ ಡಿಸೆಂಬರ್ 2ರಂದು, ತೀರಿಕೊಂಡರು.

ಆ ಮೂಕಚಿತ್ರವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸಿನಿಮಾದ ಕುಂಗ್ ಫುವಿನಲ್ಲಿರುವ ಜಿಗಿತ, ಕಿರುಚಾಟ ಯಾವುದೂ ಅದರಲ್ಲಿಲ್ಲ. ಇರುವುದು ಕೃಶವಾದ ಒಂದು ತೋಳು; ಆ ತೋಳಿನಲ್ಲಿ ಎಲ್ಲೂ ಅವಸರ ಕಾಣದು. ಇಷ್ಟು ಕಾಯಿಲೆಯ ಮೈ ಇಷ್ಟು ನಿಖರವಾಗಿ ಹೇಗೆ ಚಲಿಸುತ್ತದೆ ಎಂದು ಪ್ರತಿಸಲವೂ ಬೆರಗಾಗುತ್ತದೆ. ಯೌವನದ ಮೈಯ ಚಮತ್ಕಾರ ಕಂಡಾಗ ನನಗೆ ಹುಟ್ಟುವುದು ಮೆಚ್ಚುಗೆ. ವಯಸ್ಸಾದ ಮೈ ಒಂದು ಸಣ್ಣ ಚಲನೆಯನ್ನು ತಪ್ಪಿಲ್ಲದೆ ಮಾಡಿದಾಗ ಹುಟ್ಟುವುದು ಬೇರೆಯೇ. ಅದರ ಬಗ್ಗೆಯೇ ಇಲ್ಲಿ ಬರೆಯಬೇಕೆಂದಿದ್ದೇನೆ.

ನನಗೀಗ ಐವತ್ತೆಂಟು. ಹುಟ್ಟೂರು ಧಾರವಾಡ, ಇರುವುದು ಬೆಂಗಳೂರಿನಲ್ಲಿ. ವಾರದ ಕೆಲವು ಸಂಜೆ ವಿಂಗ್ ಚುನ್ ತರಗತಿ, ಕೆಲವು ಬೆಳಗ್ಗೆ ಜಿಮ್‌ನಲ್ಲಿ ಭಾರ ಎತ್ತುವುದು, ಉಳಿದ ಬಿಡುವಿಗೆ ಕಸೂತಿ. ಮೂರರಲ್ಲಿ ಕಸೂತಿಯೊಂದೇ ಬಾಲ್ಯದ್ದು, ಅದೂ ನಡುವೆ ವರ್ಷಗಟ್ಟಲೆ ಬಿಟ್ಟುಹೋಗಿದ್ದದ್ದು. ಉಳಿದೆರಡು ಐವತ್ತು ದಾಟಿದ ಮೇಲೆ ಬಂದವು. ಊರಿನಿಂದ ಫೋನ್ ಮಾಡಿದಾಗಲೆಲ್ಲ ಅಕ್ಕ ಕೇಳುತ್ತಾಳೆ: “ಅಲ್ಲವಾ ತಂಗಿ, ಮಂದಿ ಈ ವಯಸ್ಸಿನ್ಯಾಗ ಗುಡಿಗೆ ಹೋಗ್ತಾರ, ಮೊಮ್ಮಕ್ಕಳನ್ನ ಆಡಸ್ತಾರ. ನೀ ನೋಡಿದ್ರ ಕಬ್ಬಿಣಾ ಎತ್ತತೀನಿ, ಬಡದಾಡೂದು ಕಲೀತೀನಿ ಅಂತೀ. ಒಂದ ಹಿಡಿ, ಎಲ್ಲಾ ಯಾಕ?”

ಈ ವಯಸ್ಸಿನಲ್ಲಿ ಯಾಕೆ ಎನ್ನುವುದಕ್ಕಿಂತ ‘ಒಂದ ಹಿಡಿ, ಎಲ್ಲಾ ಯಾಕ’ ಎನ್ನುವುದೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಕೇಳಬೇಕಾದ ಮಾತೇ ಅದು. ಶಕ್ತಿಯೂ ಹೊತ್ತೂ ಎರಡೂ ಅಳತೆಯಲ್ಲಿರುವ ವಯಸ್ಸು ಇದು.

ವಿಂಗ್ ಚುನ್ ಹುಟ್ಟಿದ ಕಥೆಯಲ್ಲಿ ಇಬ್ಬರು ಹೆಂಗಸರಿದ್ದಾರೆ. ಶಾವೊಲಿನ್ ಮಠದ ಸನ್ಯಾಸಿನಿ ಎಂಗ್ ಮುಯಿ ಕೊಕ್ಕರೆಯ ಕಾದಾಟ ನೋಡಿ ಹೊಸ ವಿದ್ಯೆಯೊಂದನ್ನು ಕಂಡುಕೊಂಡಳಂತೆ. ಬಲವಂತದ ಮದುವೆಗೆ ಪೀಡಿಸುತ್ತಿದ್ದವನೊಬ್ಬನಿಂದ ಪಾರಾಗಲು ಯಿಮ್ ವಿಂಗ್ ಚುನ್ ಎಂಬ ಹುಡುಗಿ ಅದನ್ನು ಕಲಿತಳಂತೆ. ಇದು ಐತಿಹ್ಯ, ಚರಿತ್ರೆಯಲ್ಲ. ಆದರೆ ತನಗಿಂತ ಬಲಿಷ್ಠನ ಎದುರು ಬಲಕ್ಕೆ ಬಲ ಕೊಡದೆ ನಿಲ್ಲುವುದು ಹೇಗೆ ಎಂಬ ಆ ಕಥೆಯ ಚಿಂತೆ ಇಡೀ ಪದ್ಧತಿಯೊಳಗೆ ಇಳಿದಿದೆ. ವಯಸ್ಸಾಗುತ್ತಿರುವವರಿಗೂ ಅದೇ ಚಿಂತೆ ತಾನೆ.

ನಮ್ಮ ತರಗತಿಯಲ್ಲಿ ನನಗೆ ಅತಿ ಪ್ರಿಯವಾದದ್ದು ‘ಚಿ ಸೌ’ ಎಂಬ ಅಭ್ಯಾಸ. ಇಬ್ಬರು ಎದುರುಬದುರು ನಿಂತು ಮುಂಗೈಗೆ ಮುಂಗೈ ತಾಗಿಸಿ, ತೋಳುಗಳನ್ನು ಒಂದರ ಮೇಲೊಂದು ಉರುಳಿಸುತ್ತಾ ಇರಬೇಕು. ಎಲ್ಲಿ ಒತ್ತಡ ಸಡಿಲವಾಯಿತೋ ಅಲ್ಲಿ ಕೈ ತಾನೇ ಒಳಗೆ ಹೋಗಬೇಕು. ನನ್ನ ಎದುರಿಗೆ ನಿಲ್ಲುವವನು ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ನನ್ನನ್ನು ‘ಆಂಟಿ’ ಎನ್ನುತ್ತಾನೆ, ಆದರೆ ಕೈಯಲ್ಲಿ ರಿಯಾಯಿತಿ ತೋರಿಸುವುದಿಲ್ಲ. ಆ ಗೌರವಕ್ಕೆ ನಾನು ಋಣಿ. ಒಂದು ಸಂಜೆ ಸಿಫು, ಅಂದರೆ ನಮ್ಮ ಗುರುಗಳು, ಬಂದು, “ಮೇಡಂ, ಈಗ ಕಣ್ಣು ಮುಚ್ಚಿ” ಅಂದರು. ಮುಚ್ಚಿದೆ. ಕಣ್ಣು ತೆರೆದಿದ್ದಾಗ ಎರಡು ತೋಳುಗಳ ಗಡಿಬಿಡಿಯಾಗಿ ಕಾಣುತ್ತಿದ್ದದ್ದು, ಮುಚ್ಚಿದ ಕೂಡಲೇ ಸ್ಪಷ್ಟವಾಯಿತು. ಅವನ ಎಡ ಮಣಿಕಟ್ಟಿನ ಭಾರ ಒಂದು ಕ್ಷಣ ಹಗುರಾದದ್ದು ನನಗೆ ಗೊತ್ತಾಯಿತು. ಅದು ಗೊತ್ತಾಯಿತು ಎಂದು ಗೊತ್ತಾಗುವಷ್ಟರಲ್ಲಿ ನನ್ನ ಅಂಗೈ ಅವನ ಎದೆಯ ಮೇಲಿತ್ತು.

ಅದನ್ನು ಮಾಡಿದ್ದು ಯಾರು? ‘ನಾನು’ ಎನ್ನಲು ಈಗಲೂ ಬಾಯಿ ಬರುವುದಿಲ್ಲ. ತೋಳಿನ ಪ್ರತಿ ಸ್ನಾಯುವಿನೊಳಗೂ ಕದಿರಿನ ಆಕಾರದ ಅತಿ ಸಣ್ಣ ಸಂವೇದಕಗಳಿವೆ. ಸ್ನಾಯು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಎಂಬುದನ್ನು ಅವು ಬೆನ್ನುಹುರಿಗೆ ಸದಾ ತಿಳಿಸುತ್ತಲೇ ಇರುತ್ತವೆ. ತೋಳು ಎಲ್ಲಿದೆ ಎಂದು ನೋಡದೆಯೇ ನಮಗೆ ಗೊತ್ತಿರುವುದು ಮುಖ್ಯವಾಗಿ ಅವುಗಳಿಂದ. ಹುಟ್ಟಿದಂದಿನಿಂದ ನನ್ನ ಜೊತೆಗೇ ಇದ್ದವು. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಮಗುವನ್ನು ಎತ್ತಿಕೊಂಡಾಗ ದುಡಿದೇ ದುಡಿದವು. ಅವುಗಳ ಇರವು ನನ್ನ ಅರಿವಿಗೆ ಬಂದದ್ದು ಮಾತ್ರ ಐವತ್ತು ದಾಟಿದ ಮೇಲೆ, ಒಬ್ಬ ಹುಡುಗನ ಮಣಿಕಟ್ಟಿನ ಮೂಲಕ.

ಇನ್ನು ಭಾರದ ವಿಷಯ. ಕುಂಗ್ ಫು ಕಲಿಸುವವರಲ್ಲಿ ಹಲವರು ಭಾರ ಎತ್ತುವುದನ್ನು ಒಪ್ಪುವುದಿಲ್ಲ. ಸ್ನಾಯು ಬಿಗಿಯುತ್ತದೆ, ಕೈ ನಿಧಾನವಾಗುತ್ತದೆ ಎನ್ನುತ್ತಾರೆ. ಬ್ರೂಸ್ ಲೀ ಅದನ್ನು ಮೀರಿ ಭಾರ ಎತ್ತಿದ. 1970ರಲ್ಲಿ ಬಾರ್ ಅನ್ನು ಹೆಗಲ ಮೇಲಿಟ್ಟು ಸೊಂಟದಿಂದ ಬಗ್ಗುವ ವ್ಯಾಯಾಮ ಮಾಡುವಾಗ ಬೆನ್ನಿಗೆ ಪೆಟ್ಟು ಮಾಡಿಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಆ ದಿನಗಳಲ್ಲಿ ಓದಿದ, ಬರೆದ. ಅವನ ಟಿಪ್ಪಣಿಗಳು ಅವನು ತೀರಿಕೊಂಡ ಮೇಲೆ, 1975ರಲ್ಲಿ, ‘ತಾವೊ ಆಫ್ ಜೀತ್ ಕುನೆ ದೋ’ ಎಂಬ ಪುಸ್ತಕವಾದವು. ಇಪ್ಪತ್ತೊಂಬತ್ತರ ಉಕ್ಕಿನಂಥ ಮೈಗೇ ಹೀಗಾಯಿತೆಂದರೆ ನಮ್ಮಂಥವರು ಎಷ್ಟು ಎಚ್ಚರ ವಹಿಸಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಭಾರ ಬೇಡವೇ? ಬೇಕು, ಹೆಂಗಸರಿಗಂತೂ ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುತ್ತದೆ, ಅದರೊಂದಿಗೆ ಮೂಳೆಯ ಸಾಂದ್ರತೆಯೂ ಇಳಿಯತೊಡಗುತ್ತದೆ. ನಮ್ಮ ಅಜ್ಜಿಯರ ಮೈಗೆ ಬೀಸುಕಲ್ಲು, ಒನಕೆ, ಬಾವಿಯ ಕೊಡ ದಿನವೂ ಭಾರ ಹೊರಿಸುತ್ತಿದ್ದವು. ಆ ದುಡಿತ ಮರಳಿ ಬರಲಿ ಎಂದು ನಾನು ಖಂಡಿತ ಹಾರೈಸುವುದಿಲ್ಲ. ಆದರೆ ಮೂಳೆಗೆ ಭಾರ ಬೇಕೆಂಬುದು ಮಾತ್ರ ಬದಲಾಗಿಲ್ಲ. ಮೂಳೆ ಎಂದರೆ ಜೀವವಿಲ್ಲದ ಗಟ್ಟಿ ವಸ್ತು ಎಂದೇ ನಾನು ಬಹುಕಾಲ ಅಂದುಕೊಂಡಿದ್ದೆ. ಅದರೊಳಗೆ ಸಣ್ಣ ಸಣ್ಣ ಗೂಡುಗಳಲ್ಲಿ ಜೀವಕೋಶಗಳು ಕುಳಿತಿವೆ, ಕೂದಲಿಗಿಂತ ತೆಳುವಾದ ಕಾಲುವೆಗಳಲ್ಲಿ ಕೈಚಾಚಿ ಒಂದಕ್ಕೊಂದು ತಾಗಿಕೊಂಡಿವೆ. ಮೇಲೆ ಭಾರ ಬಿದ್ದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಕಾಲುವೆಗಳ ದ್ರವ ಅಲುಗುತ್ತದೆ, ಕೋಶಗಳಿಗೆ ಅದು ತಿಳಿಯುತ್ತದೆ. ಇಲ್ಲಿ ಗಟ್ಟಿ ಮಾಡಬೇಕು ಎಂಬ ಸಂದೇಶ ಹೊರಡುತ್ತದೆ.

ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಮೂಳೆ ಸವೆದಿದ್ದ 101 ಹೆಂಗಸರ ಮೇಲೆ ಒಂದು ಪ್ರಯೋಗ ನಡೆಸಿದರು. ಎಲ್ಲರೂ ಮುಟ್ಟು ನಿಂತವರು, ಸರಾಸರಿ ವಯಸ್ಸು 65ರ ಆಸುಪಾಸು. ಅರ್ಧದಷ್ಟು ಜನ ತರಬೇತುದಾರರ ಕಣ್ಗಾವಲಿನಲ್ಲಿ ವಾರಕ್ಕೆ ಎರಡೇ ಸಲ, ಅರ್ಧರ್ಧ ಗಂಟೆ, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್, ಭಾರ ಹೊತ್ತು ಕುಕ್ಕರಿಸಿ ಏಳುವ ಸ್ಕ್ವಾಟ್, ತಲೆಯ ಮೇಲಕ್ಕೆ ಬಾರ್ ಒತ್ತುವುದು ಮತ್ತು ನೆಲಕ್ಕೆ ಧುಮುಕುವ ಒಂದು ವ್ಯಾಯಾಮ ಮಾಡಿದರು, ಅದೂ ಹೆಚ್ಚುಕಡಿಮೆ ತಮ್ಮಿಂದ ಆಗುವಷ್ಟು ಭಾರದಲ್ಲಿ. ಉಳಿದವರು ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದರು. ಎಂಟು ತಿಂಗಳ ನಂತರ ಭಾರ ಎತ್ತಿದವರ ಸೊಂಟದ ಬೆನ್ನೆಲುಬಿನ ಸಾಂದ್ರತೆ ಶೇ 2.9ರಷ್ಟು ಏರಿತ್ತು. ಉಳಿದವರದು ಶೇ 1.2ರಷ್ಟು ಇಳಿದಿತ್ತು. ಅಂಕಿ ಸಣ್ಣದು. ಆದರೆ ಇಳಿಯುವುದೊಂದೇ ಗತಿ ಎಂದು ನಾವೆಲ್ಲ ನಂಬಿಕೊಂಡಿದ್ದ ವಯಸ್ಸಿನಲ್ಲಿ ಅದು ಮೇಲಕ್ಕೆ ಏರಿದ ಅಂಕಿ.

ಇದಕ್ಕಿಂತ ದೊಡ್ಡ ಅಚ್ಚರಿ 1990ರದ್ದು. ಬೋಸ್ಟನ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಸುಮಾರು ತೊಂಬತ್ತು ವಯಸ್ಸಿನ ಹತ್ತು ಮಂದಿಯನ್ನು ಆರಿಸಿಕೊಂಡರು. ಇವರೇನು ಹಳೆಯ ಪೈಲ್ವಾನರಲ್ಲ, ನಡೆಯಲೂ ಕಷ್ಟಪಡುತ್ತಿದ್ದ ದುರ್ಬಲರು. ಕೂತು ಮೊಣಕಾಲು ಚಾಚಿ ಭಾರ ಎತ್ತುವ ವ್ಯಾಯಾಮ, ಎಂಟು ವಾರ. ಒಬ್ಬರ ಹೊರತು ಎಲ್ಲರೂ ಪೂರೈಸಿದರು. ಅವರ ತೊಡೆಯ ಶಕ್ತಿ ಸರಾಸರಿ ಶೇ 174ರಷ್ಟು ಹೆಚ್ಚಿತ್ತು, ಅಂದರೆ ಎರಡೂವರೆ ಪಟ್ಟು ಮೀರಿತ್ತು. ತೊಡೆಯ ಸ್ನಾಯುವಿನ ಗಾತ್ರ ಬೆಳೆದದ್ದು ಮಾತ್ರ ಶೇ 9. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ನನ್ನ ಬೆರಗೆಲ್ಲ ಇದೆ. ಸ್ನಾಯು ಅಷ್ಟಾಗಿ ದಪ್ಪವಾಗಲಿಲ್ಲ. ಹಾಗಾದರೆ ಶಕ್ತಿ ಬಂದದ್ದೆಲ್ಲಿಂದ? ಬಹುಪಾಲು ನರಗಳಿಂದ. ಇದ್ದ ಸ್ನಾಯುವನ್ನು ಕರೆಯುವುದನ್ನೇ ನರಗಳು ಕಡಿಮೆ ಮಾಡಿದ್ದವು. ಎಂಟು ವಾರ ಕೆಲಸ ಕೊಟ್ಟಾಗ ಮತ್ತೆ ಕರೆಯತೊಡಗಿದವು.

ಇನ್ನೊಂದು ಸಂಗತಿ ಇದೆ. ಬೆನ್ನುಹುರಿಯಿಂದ ಹೊರಡುವ ಒಂದೊಂದು ಚಾಲಕ ನರಕೋಶದ ಅಧೀನದಲ್ಲಿ ಎಷ್ಟೋ ಸ್ನಾಯುಎಳೆಗಳಿರುತ್ತವೆ. ಅರವತ್ತರ ಆಚೆಗೆ ಈ ನರಕೋಶಗಳಲ್ಲಿ ಒಂದೊಂದೇ ಸಾಯತೊಡಗುತ್ತವೆ. ಅವು ಸತ್ತಾಗ ಅವುಗಳ ಎಳೆಗಳು ದಿಕ್ಕಿಲ್ಲದೆ ಉಳಿಯುತ್ತವೆ. ಆಗ ಪಕ್ಕದ ನರಕೋಶವೊಂದು ಚಿಗುರೊಡೆದು, ಆ ಎಳೆಗಳತ್ತ ಕವಲು ಚಾಚಿ, ಅವನ್ನು ತನ್ನವಾಗಿಸಿಕೊಳ್ಳುತ್ತದೆ. ಪಕ್ಕದ ಮನೆಯವರು ತೀರಿಕೊಂಡಾಗ ಅವರ ಮಕ್ಕಳನ್ನು ನಮ್ಮೂರ ಕಡೆ ಎಷ್ಟೋ ತಾಯಂದಿರು ತಮ್ಮ ಮಕ್ಕಳ ಜೊತೆಗೇ ಉಣ್ಣಿಸಿ ಬೆಳೆಸಿದಂತೆ. ಬದುಕಿಡೀ ಮೈ ದಂಡಿಸಿದ ಮುದುಕರ ಸ್ನಾಯುಗಳಲ್ಲಿ ಈ ಮರುಜೋಡಣೆಯ ಗುರುತುಗಳು ಹೆಚ್ಚಾಗಿ ಕಂಡುಬಂದಿವೆ. ಜಿಮ್‌ನಲ್ಲಿ ಬಾರ್ ಕೆಳಗಿಟ್ಟು ತೊಡೆ ನಡುಗುತ್ತಾ ಕುಳಿತಾಗ ನಾನು ಇದನ್ನೇ ನೆನೆಯುತ್ತೇನೆ. ನನ್ನ ಕಾಲಿನೊಳಗೆ ಈಗ ಯಾವುದೋ ನರ ಯಾವುದೋ ಎಳೆಯನ್ನು ಹುಡುಕಿಕೊಂಡು ಹೊರಟಿರಬಹುದು. ನಾನು ಕೇಳಿದ್ದು ‘ಇನ್ನೊಂದು ಸಲ ಎತ್ತು’ ಎಂದಷ್ಟೇ.

ಆದರೆ ಎತ್ತುವಾಗ ಇದು ಯಾವುದೂ ಮುಗಿಯುವುದಿಲ್ಲ. ಎತ್ತುವುದು ಬರೀ ಪ್ರಶ್ನೆ. ಉತ್ತರ ತಯಾರಾಗುವುದು ಆಮೇಲೆ. ಭಾರ ಎತ್ತಿದ ಮೇಲೆ ಒಂದೆರಡು ದಿನ ಸ್ನಾಯು ತನ್ನನ್ನು ತಾನು ಕಟ್ಟಿಕೊಳ್ಳುತ್ತಿರುತ್ತದೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಎಳೆಗಳ ಅಂಚಿಗೆ ಅಂಟಿಕೊಂಡು ಮಲಗಿದ್ದ ಕೋಶಗಳನ್ನು ಗುರುತಿಸಿದರು. ಎಳೆಗೆ ಗಾಯವಾದಾಗ, ಕೆಲಸ ಹೆಚ್ಚಾದಾಗ ಅವು ಎದ್ದು ದುರಸ್ತಿಗೆ ಬರುತ್ತವೆ. ವಯಸ್ಸಾದಂತೆ ಅವು ಏಳುವುದು ತಡ. ಚಿ ಸೌನಲ್ಲಿ ಕಲಿತ ಕೈಚಲನೆಯೂ ಅಷ್ಟೆ, ನಿದ್ದೆಯಲ್ಲಿ ಗಟ್ಟಿಯಾಗುತ್ತದೆ. ಇದು ತಿಳಿದ ಮೇಲೆ ಅಕ್ಕನ ಪ್ರಶ್ನೆಗೆ ನನಗೆ ಉತ್ತರ ಹೊಳೆಯಿತು. ಮೂರನ್ನೂ ತೂಗಿಸಿಕೊಂಡು ಹೋಗುವುದು ಎಂದರೆ ಗಂಟೆಗಳನ್ನು ಮೂರು ಪಾಲು ಮಾಡುವುದಲ್ಲ. ಒಂದು ಪ್ರಶ್ನೆಗೆ ಮೈ ಉತ್ತರ ಕೊಟ್ಟು ಮುಗಿಸುವವರೆಗೆ ಅದೇ ಪ್ರಶ್ನೆಯನ್ನು ಮತ್ತೆ ಕೇಳದಿರುವುದು. ಆ ನಡುವಿನ ಹೊತ್ತಿನಲ್ಲಿ ಸುಮ್ಮನಿರಲು ಬರಬೇಕು. ನನಗೆ ಸುಮ್ಮನಿರುವುದನ್ನು ಕಲಿಸಿದ್ದು ಕಸೂತಿ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಹಾಗಿಲ್ಲ. ಇಳಕಲ್ ಸೀರೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ಒಂದು ಎಳೆಗುಂಪು ಬಿಟ್ಟು ಒಂದು ಹಿಡಿಯುತ್ತಾ ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾ ಬರುತ್ತೇವೆ. ಮುಗಿದಾಗ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ. ಎಲ್ಲೂ ಗಂಟಿಲ್ಲ. ಗವಂತಿಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಸಾಗಿದರೆ ಮುರ್ಗಿ. ಇನ್ನು ನೇಗಿ, ಮೆಂತೆ. ಈ ನಾಲ್ಕೇ ಹೊಲಿಗೆಗಳಿಂದ ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ ಎಲ್ಲ ಮೂಡುತ್ತವೆ. ಅವ್ವ ಹೇಳಿಕೊಡುತ್ತಿದ್ದಾಗ ಅವಳ ಬೆರಳು ಎಣಿಕೆಯನ್ನು ಬಾಯಿಗಿಂತ ಮೊದಲೇ ಮುಗಿಸಿರುತ್ತಿತ್ತು. ಈಗ ನಾನು ಚಾಳೀಸು ಹಾಕಿಕೊಂಡು, ಕಿಟಕಿಯ ಬೆಳಕಿಗೆ ಬಟ್ಟೆ ಹಿಡಿದು, ತೇರಿನ ಕಳಸದಿಂದ ಚಕ್ರದತ್ತ ಇಳಿಯುತ್ತೇನೆ.

ಡೆಡ್‌ಲಿಫ್ಟ್ ಮಾಡಿದ ದಿನ ಸಂಜೆ ಕಸೂತಿಗೆ ಕೂತರೆ ಹಿಡಿತ ಸೋತ ಬೆರಳುಗಳಲ್ಲಿ ಸೂಜಿಯ ತುದಿ ಸಣ್ಣಗೆ ಅದುರುತ್ತದೆ. ನಾಲ್ಕನೇ ಎಳೆಗೆ ಹೋಗಬೇಕಾದದ್ದು ಐದನೆಯದಕ್ಕೆ ಜಾರುತ್ತದೆ. ಮರುದಿನವೂ ಸ್ವಲ್ಪ ಉಳಿದಿರುತ್ತದೆ. ಅದರ ಮರುದಿನ ಇಲ್ಲ. ಯಾವ ಕೈಗಡಿಯಾರವೂ, ಯಾವ ಆ್ಯಪ್ಪೂ ಇಷ್ಟು ನಿಚ್ಚಳವಾಗಿ ನನ್ನ ದಣಿವನ್ನು ಅಳೆದು ಹೇಳಲಾರದು. ಸೂಜಿ ನೆಟ್ಟಗೆ ನಿಂತ ದಿನ ಮತ್ತೆ ಭಾರಕ್ಕೆ ಕೈಹಾಕಬಹುದು ಎಂದು ಗೊತ್ತಾಗುತ್ತದೆ. ಹವ್ಯಾಸ ಎಂದರೆ ಉಳಿದ ಹೊತ್ತಿನ ಕೆಲಸ ಎಂದುಕೊಳ್ಳುವುದನ್ನು ನಾನು ಬಿಟ್ಟದ್ದು ಹೀಗೆ. ಭಾರವೂ ಕುಂಗ್ ಫುವೂ ಕೇಳಿದ ಪ್ರಶ್ನೆಗಳಿಗೆ ಮೈ ಉತ್ತರ ಹುಡುಕುತ್ತಿರುವಾಗ ಅದನ್ನು ಕೆಣಕದೆ, ಮನಸ್ಸನ್ನು ಮಾತ್ರ ಎಚ್ಚರವಾಗಿಡುವ ಕೆಲಸ ಅದು. ಕೈಗೆ ಹೊಸ ಚಳಕ ಕಲಿಸುವುದು ಮಿದುಳಿಗೂ ಮೇವು. 2008ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನವರು ಅರವತ್ತರ ಆಸುಪಾಸಿನವರಿಗೆ ಮೂರು ತಿಂಗಳು ಮೂರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವುದನ್ನು ಕಲಿಸಿ ಮಿದುಳಿನ ಸ್ಕ್ಯಾನ್ ತೆಗೆದರು. ಚಲನೆಯನ್ನು ಗುರುತಿಸುವ ಭಾಗದಲ್ಲೂ ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್‌ನಲ್ಲೂ ಬೂದುದ್ರವ್ಯ ಹೆಚ್ಚಿತ್ತು. ಆಟ ನಿಲ್ಲಿಸಿದಾಗ ಆ ಹೆಚ್ಚಳ ಇಳಿಯಿತು.

ಇದನ್ನೆಲ್ಲ ಬದುಕಿ ತೋರಿಸಿದ ಇಬ್ಬರು 1902ರಲ್ಲಿ ಹುಟ್ಟಿದರು, ಒಬ್ಬರು ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ, ಇನ್ನೊಬ್ಬರು ನಮ್ಮ ಕೋಟದಲ್ಲಿ. ಝೆಂಗ್ ಮಾನ್‌ಚಿಂಗ್ ಅವರನ್ನು ಐದು ವಿದ್ಯೆಗಳ ನಿಪುಣ ಎಂದು ಕರೆಯುತ್ತಿದ್ದರು: ಚಿತ್ರ, ಕಾವ್ಯ, ಅಕ್ಷರಕಲೆ, ವೈದ್ಯ ಮತ್ತು ತೈ ಚಿ ಎಂಬ ಕಾದಾಟದ ಕಲೆ. ಗುರು ಯಾಂಗ್ ಚೆಂಗ್‌ಫು ಅವರಿಂದ ಕಲಿತ ಉದ್ದನೆಯ ತೈ ಚಿ ಸರಣಿಯನ್ನು 37 ಭಂಗಿಗಳಿಗೆ ಇಳಿಸಿ, ಅರವತ್ತು ದಾಟಿದ ಮೇಲೆ ನ್ಯೂಯಾರ್ಕ್‌ಗೆ ಹೋಗಿ ಅಲ್ಲಿನ ಹುಡುಗ ಹುಡುಗಿಯರಿಗೆ ಕಲಿಸಿದರು. ಕುಂಚ ಹಿಡಿಯುವ ಮಣಿಕಟ್ಟನ್ನೂ ಎದುರಾಳಿಯನ್ನು ತಳ್ಳುವ ಮಣಿಕಟ್ಟನ್ನೂ ಅವರು ಬೇರೆ ಬೇರೆಯೆಂದು ಕಂಡಿರಲಾರರು. ನಮ್ಮ ಶಿವರಾಮ ಕಾರಂತರ ಬಗ್ಗೆ ಕನ್ನಡಿಗರಿಗೆ ನಾನು ಹೇಳಬೇಕಾದ್ದೇನಿದೆ? ಕಾದಂಬರಿ, ವಿಜ್ಞಾನ, ಯಕ್ಷಗಾನದ ಕುಣಿತ. ತೊಂಬತ್ತು ದಾಟಿದ ಮೇಲೆ ಕೂತು ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. ಇಬ್ಬರಿಗೂ ಯಾರಾದರೂ ‘ಒಂದ ಹಿಡಿ’ ಎಂದಿದ್ದರೆ ಯಾವುದನ್ನು ಬಿಡುತ್ತಿದ್ದರೋ.

ನಮ್ಮಂಥವರಿಗೆ ಅವರ ಎತ್ತರ ಇಲ್ಲ, ಬೇಕಾಗಿಯೂ ಇಲ್ಲ. ಹೋದದ್ದೆಲ್ಲ ಮರಳುವುದೂ ಇಲ್ಲ. ಚುರುಕಾಗಿ ಸೆಳೆಯುವ ಸ್ನಾಯುಎಳೆಗಳು ವಯಸ್ಸಿನೊಂದಿಗೆ ಮೊದಲು ಕುಗ್ಗುತ್ತವೆ, ಸ್ನಾಯುರಜ್ಜುಗಳ ನೋವು ವಾಸಿಯಾಗಲು ಹಿಂದಿಗಿಂತ ಹೆಚ್ಚು ದಿನ ಹಿಡಿಯುತ್ತದೆ. ಇಪ್ಪತ್ತರ ಹುಡುಗನ ಹೊಡೆತಕ್ಕಿರುವ ವೇಗ ನನ್ನದಕ್ಕೆ ಬರದು. ಈ ನಷ್ಟಗಳನ್ನು ಮುಚ್ಚಿಡುವ ಉತ್ಸಾಹದ ಮಾತುಗಳು ನನಗೆ ಹಿಡಿಸುವುದಿಲ್ಲ, ಅವುಗಳಿಂದಲೇ ಎಷ್ಟೋ ಜನ ಪೆಟ್ಟು ಮಾಡಿಕೊಳ್ಳುತ್ತಾರೆ. ‘ಇನ್ನೇನು, ನಮ್ಮ ಕಾಲ ಮುಗಿಯಿತು’ ಎನ್ನುವ ಮಾತು ಇನ್ನೂ ಹಿಡಿಸುವುದಿಲ್ಲ. ತೊಂಬತ್ತರ ತೊಡೆಯೂ ಎಂಟು ವಾರದಲ್ಲಿ ಉತ್ತರ ಕೊಟ್ಟ ಮೇಲೆ ಆ ಮಾತಿಗೆ ಆಧಾರವಿಲ್ಲ.

ಐವತ್ತು, ಅರವತ್ತು ದಾಟಿದವರೇ, ಮೊದಲು ವೈದ್ಯರ ಬಳಿ ಹೋಗಿ ಬಿ.ಪಿ., ಮೂಳೆಯ ಸಾಂದ್ರತೆ ನೋಡಿಸಿಕೊಳ್ಳಿ. ನಿಧಾನವಾಗಿ ಕಲಿಸುವ, ಬೇಡ ಎನ್ನಬೇಕಾದಾಗ ಬೇಡ ಎನ್ನುವ ಗುರುವನ್ನು ಹುಡುಕಿ. ಅದು ಕುಂಗ್ ಫುವೇ ಆಗಬೇಕಿಲ್ಲ, ನಿಮ್ಮೂರ ಗರಡಿಯೂ ಆದೀತು. ಮದುವೆ, ನೌಕರಿ, ಮಕ್ಕಳ ನಡುವೆ ಪೆಟ್ಟಿಗೆ ಸೇರಿದ ಸೂಜಿಯೋ ಕೊಳಲೋ ಇದ್ದರೆ ಅದನ್ನೂ ಹೊರಗೆ ತೆಗೆಯಿರಿ. ಇದನ್ನು ಓದುತ್ತಿರುವ ಹರೆಯದವರಲ್ಲಿ ಒಂದು ವಿನಂತಿ: ನಿಮ್ಮ ಅಮ್ಮನೋ ಅಪ್ಪನೋ ಇಂಥದ್ದೊಂದು ಆಸೆಯನ್ನು ಬಾಯಿಬಿಟ್ಟು ಹೇಳಿದರೆ ತಡೆಯಬೇಡಿ. ಮೊದಲ ದಿನ ತರಗತಿಗೆ ಅವರ ಜೊತೆ ನೀವೂ ಹೋಗಿ, ಶೂ ಲೇಸ್ ಕಟ್ಟಿಕೊಡಿ, ಮುಗಿಯುವವರೆಗೆ ಕಾದಿದ್ದು ಮನೆಗೆ ಕರೆದುಕೊಂಡು ಬನ್ನಿ.